‘ಸದರಿ’ ಅನ್ನುವ ಮಾತು ಬರಾಕಿನಲ್ಲಿ ಯಾರೂ ಆಡುವುದಿಲ್ಲ

ಸಂಕ್ರಮಣಕ್ಕೆ ಅಣ್ಣನ ಮಗಳು ಬಂದಿದ್ದಳು. ಬೆಳಗಾವಿಯ ಆರ್.ಎಲ್. ಲಾ ಕಾಲೇಜಿನಲ್ಲಿ ಓದುತ್ತಾಳೆ. ಸಿದ್ಧೇಶ್ವರ ಜಾತ್ರೆಗೆಂದು ವಿಜಯಪುರಕ್ಕೆ ಬಂದವಳು ಜಾತ್ರೆಗೆ ಹೋಗಿದ್ದು ಒಂದೇ ದಿನ. ಉಳಿದ ದಿನವೆಲ್ಲ ಹಿತ್ತಲ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಮೂಟ್ ಕೋರ್ಟ್ ಸ್ಪರ್ಧೆಯಂತೆ, ಅಂದರೆ ಕಾನೂನು ವಿದ್ಯಾರ್ಥಿಗಳು ಕೋರ್ಟಿನ ಹಾಗೇ ವಾದ ಮಾಡುವ ಸ್ಪರ್ಧೆ. ‘ಆರೋಪಿ ನನ್ನ ಮುಂದೆ ತಪ್ಪೊಪ್ಪಿಕೊಂಡ’ ಎಂದು ಜೊತೆಗಿದ್ದ ಕೈದಿಯೊಬ್ಬ ಜೈಲಿನಿಂದ ಬಂದು ಸಾಕ್ಷಿ ಹೇಳಿದರೆ ಕೋರ್ಟು ಅದನ್ನು ಎಷ್ಟು ನಂಬಬೇಕು, ಅಂಥ ಸಾಕ್ಷಿಗೆ ಏನೇನು ಕಟ್ಟುಪಾಡು ಇರಬೇಕು ಎಂಬುದು ಅವಳಿಗೆ ಕೊಟ್ಟ ವಿಷಯ.

“ಕಾಕಾ, ನಿಮ್ಮ ಸರ್ವಿಸಿನ್ಯಾಗ ಹಿಂತಾದ್ದು ಬಂದಿತ್ತೇನು?”

ಬಂದಿತ್ತು. 31 ವರ್ಷದಲ್ಲಿ ಒಂದೇ ಸಲ. ಅದನ್ನು ಟೈಪ್ ಮಾಡಿದವನೂ ನಾನೇ.

ನಾನು 1988ರಲ್ಲಿ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿ ಸೇರಿದಾಗ ಬಾಗಲಕೋಟೆ ಇನ್ನೂ ಬಿಜಾಪುರ ಜಿಲ್ಲೆಯೊಳಗೇ ಇತ್ತು. 1997ರಲ್ಲಿ ಅದು ಬೇರೆ ಜಿಲ್ಲೆಯಾಯಿತು, 2014ರಲ್ಲಿ ಬಿಜಾಪುರ ವಿಜಯಪುರವಾಯಿತು, ನಡುವೆ ಯಾವಾಗಲೋ ರೆಮಿಂಗ್ಟನ್ ಟೈಪ್‌ರೈಟರ್ ಹೋಗಿ ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವ ‘ನುಡಿ’ ತಂತ್ರಾಂಶ ಬಂತು. ಎಷ್ಟು ಊರಿಗೆ ವರ್ಗವಾದರೂ ನನ್ನ ಕುರ್ಚಿಯ ಜಾಗ ಮಾತ್ರ ಅದೇ: ಪೀಠದ ಕೆಳಗೆ, ಸಾಕ್ಷಿಕಟ್ಟೆಗೆ ಹತ್ತಿಕೊಂಡು. ಸಾಕ್ಷಿ ತಂಬಾಕು ಹಾಕಿಕೊಂಡು ಬಂದಿದ್ದರೆ ಮೊದಲು ಗೊತ್ತಾಗುತ್ತಿದ್ದುದು ನನಗೆ.

ಆ ಕೇಸು ಯಾವ ಊರಿನದು, ಯಾವ ಕೋರ್ಟಿನದು ಎಂದು ಹೇಳುವುದಿಲ್ಲ. ಕಾಲುವೆ ನೀರಿನ ಜಗಳ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟ್ ಕೊಡುವ ವಾರ, ನೀರು ಹಾಯಿಸಲು ಹೋದ ರೈತ ಬೆಳಿಗ್ಗೆ ಹೆಣವಾಗಿ ಸಿಕ್ಕಿದ್ದ. ಬಾಜೂ ಹೊಲದವನನ್ನು ಹಿಡಿದರು. ಆಸಾಮಿಗೆ ಐವತ್ತು ದಾಟಿತ್ತು, ಓದು ಬರಹ ಇಲ್ಲ, ಹೆಬ್ಬೆಟ್ಟು. 90 ದಿನದೊಳಗೆ ದೋಷಾರೋಪಣ ಪಟ್ಟಿ ಬಂತು. ಅದರಲ್ಲಿ ಕಣ್ಣಾರೆ ಕಂಡವರೆಂದು ಇಬ್ಬರ ಹೆಸರಿತ್ತು. ಆ ಇಬ್ಬರೂ ತಿರುಗಿಬೀಳುತ್ತಾರೆ ಎಂಬ ಸುದ್ದಿ ಕೋರ್ಟಿನ ಚಹಾದ ಅಂಗಡಿಯವರೆಗೂ ಬಂದಿತ್ತು. ಅದರ ಬೆನ್ನಿಗೇ ಹೆಚ್ಚುವರಿ ದೋಷಾರೋಪಣ ಪಟ್ಟಿ ಒಂದು ಬಂತು. ಅದರಲ್ಲಿ ಹೊಸ ಸಾಕ್ಷಿ: ಬೈಕ್ ಕಳವಿನ ಕೇಸಿನಲ್ಲಿ ಏಳು ತಿಂಗಳಿಂದ ಅದೇ ಜೈಲಿನ ಅದೇ ಬರಾಕಿನಲ್ಲಿ, ಅಂದರೆ ಕೈದಿಗಳನ್ನೆಲ್ಲ ಕೂಡಿ ಇಡುವ ಕೋಣೆಯಲ್ಲಿ, ಇದ್ದ ಹುಡುಗ.

ವಿಚಾರಣೆಯಲ್ಲಿ ಅವನು ಪಿಡಬ್ಲ್ಯೂ 14, ಅಂದರೆ ಸರಕಾರದ ಕಡೆಯ ಹದಿನಾಲ್ಕನೇ ಸಾಕ್ಷಿ. ಇಪ್ಪತ್ಮೂರರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. “ಆರೋಪಿ ನಿನ್ನ ಮುಂದ ಏನ್ ಹೇಳಿದ?” ಎಂದು ಸರಕಾರಿ ವಕೀಲರು ಕೇಳಿದರು.

“ಸದರಿ ಆರೋಪಿತನು ಹಳೇ ವೈಷಮ್ಯದಿಂದ, ಕಾಲುವೆಯ ಪೂರ್ವ ದಂಡೆಯ ಮೇಲೆ, ಮೃತನನ್ನು ಅಡ್ಡಗಟ್ಟಿ…”

ನನ್ನ ಬೆರಳು ನಿಂತವು.

ಯಾಕೆಂದು ಹೇಳಬೇಕಾದರೆ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಕಟ್ಟೆಯಲ್ಲಿ ನಿಂತ ಮುದುಕಿ, “ಅಂವ ನನ್ನ ಮಗನ್ನ ಬಡದು ಹಾಕ್ಯಾನ್ರಿ ಯಪ್ಪಾ, ನಾ ಹೊಲದಾಗಿಂದ ಓಡಿ ಬಂದ್ನಿ” ಅನ್ನುತ್ತಾಳೆ. ನ್ಯಾಯಾಧೀಶ ಸಾಹೇಬರು ಅದನ್ನು ಕೇಳಿ ಗ್ರಂಥದ ಕನ್ನಡದಲ್ಲಿ ಡಿಕ್ಟೇಶನ್ ಕೊಡುತ್ತಾರೆ: “ಸದರಿ ಆರೋಪಿತನು ನನ್ನ ಮಗನಿಗೆ ಹೊಡೆದಿರುತ್ತಾನೆ. ನಾನು ಜಮೀನಿನಿಂದ ಓಡಿ ಬಂದಿರುತ್ತೇನೆ.” ಕಡೆಗೆ ‘ಓದಿ ಹೇಳಿ ಕೇಳಲಾಗಿ ಸರಿ ಇದೆ’ ಎಂದು ಹಾಕಿ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳುತ್ತೇವೆ. ‘ಸದರಿ’ ಎಂಬುದು ಠಾಣೆಯ ರೈಟರನದು, ನನ್ನದು. ಮನುಷ್ಯರದಲ್ಲ. ನಾನು ಅಷ್ಟು ವರ್ಷದಲ್ಲಿ ‘ಸದರಿ’ಯನ್ನು ಲಕ್ಷ ಸಲವಾದರೂ ಕುಟ್ಟಿರಬಹುದು, ಆದರೆ ಕಟ್ಟೆಯೊಳಗೆ ನಿಂತವರ ಬಾಯಿಂದ ಅದನ್ನು ಕೇಳಿದ್ದು ಆವತ್ತೇ ಮೊದಲು. ಟೈಪ್ ಮಾಡಲು ಒಂದಕ್ಷರ ಬದಲಿಸಬೇಕಾಗಿರಲಿಲ್ಲ. ಹುಡುಗ ತಯಾರ್ ಮಾಲು ತಂದಿದ್ದ.

ಆರೋಪಿಯ ಕಡೆಯಿಂದ ಪಾಟೀ ಸವಾಲಿಗೆ ಎದ್ದವರು ಕಾನೂನು ಸೇವಾ ಪ್ರಾಧಿಕಾರದಿಂದ ನೇಮಕವಾದ ಹಳೇ ವಕೀಲರು. ಕೋಟಿನ ಕಪ್ಪು ಬಣ್ಣ ಹೋಗಿ ಕಂದಾಗಿತ್ತು. ಮೇಲೆ ಕೆಳಗೆ ನೋಡದೆ, ಹೊಲದ ಬದುವಿನ ಮೇಲೆ ಕೂತು ಮಾತಾಡಿದಂತೆ ಕೇಳಿದರು.

“ಎಷ್ಟನೇ ಇಯತ್ತೆ ಓದೀಯೋ?”

“ಹತ್ತು ಫೇಲ್ ರೀ.”

“ಬರಾಕಿನ್ಯಾಗ ಮಂದೀಗೆ ಅರ್ಜಿ ಬರದು ಕೊಡ್ತಿದ್ದೆಲ್ಲ, ಅದಕ್ಕ ಏನ್ ತಗೋತಿದ್ದಿ?”

“ಬೀಡಿ ರೀ.” ಎಲ್ಲರೂ ನಕ್ಕರು. ಅವನೂ ನಕ್ಕ.

“ಕೋರ್ಟ್ ಕಾಗದ ಓದಿ ಹೇಳ್ತಿದ್ದಿ?”

“ಕೇಳಿದವ್ರಿಗೆ ಹೇಳ್ತಿದ್ನಿ ರೀ.”

“ಇಂವಂದು?”

ಹುಡುಗ ಸರಕಾರಿ ವಕೀಲರ ಮುಖ ನೋಡಿದ. “ಒಮ್ಮೆ ಓದೇನ್ರಿ.”

ಅಲ್ಲಿಗೆ ನನಗೂ ತಿಳಿಯಿತು. ದೋಷಾರೋಪಣ ಪಟ್ಟಿಯ ನಕಲನ್ನು ಆರೋಪಿಗೆ ಪುಕ್ಕಟೆ ಕೊಡಲೇಬೇಕೆಂದು ಕಾನೂನಿದೆ. ಒಳ್ಳೆಯ ಕಾನೂನು. ಆದರೆ ಓದಲು ಬಾರದವನು ಆ ಕಟ್ಟು ಹಿಡಿದುಕೊಂಡು ಏನು ಮಾಡಬೇಕು? ಬರಾಕಿನಲ್ಲಿ ಓದಬಲ್ಲವನ ಹತ್ತಿರ ಹೋಗುತ್ತಾನೆ. ಅವನು ದೊಡ್ಡ ದನಿಯಲ್ಲಿ ಓದುತ್ತಾನೆ, ಸುತ್ತಲಿನ ಹತ್ತು ಮಂದಿ ಕೇಳುತ್ತಾರೆ. ಒಮ್ಮೆ ಜಿಲ್ಲಾ ನ್ಯಾಯಾಧೀಶರ ಭೇಟಿಯ ಹೊತ್ತಿಗೆ ಒಂದು ಉಪ ಕಾರಾಗೃಹಕ್ಕೆ ನಾನೂ ಹೋಗಿದ್ದೆ. ಗೋಡೆಗುಂಟ ಎರಡು ಸಾಲು ಹಾಸಿಗೆ, ಒಂದರಿಂದ ಒಂದಕ್ಕೆ ಎರಡು ಗೇಣು. ಹಳಬರು ಫ್ಯಾನಿನ ಕೆಳಗೆ, ಹೊಸಬರು ಸಂಡಾಸಿನ ಕಡೆಗೆ. ರಾತ್ರಿಯೆಲ್ಲ ದೀಪ. ಅಲ್ಲಿ ಗುಟ್ಟು ಎಂಬುದಕ್ಕೆ ಜಾಗವೇ ಇಲ್ಲ, ಕೆಮ್ಮಿದರೂ ಎಲ್ಲರಿಗೂ ಪಾಲು.

ವಕೀಲರು ಊರ ನಕಾಶೆಯನ್ನು ಮೇಜಿನ ಮೇಲೆ ಹರವಿದರು. ಕೊಲೆಯಾದ ಜಾಗ ಕಾಲುವೆಯ ಪಶ್ಚಿಮ ದಂಡೆಗೆ ಇತ್ತು. ಪಂಚನಾಮೆ ಬರೆದವರು ಕೈತಪ್ಪಿ ‘ಪೂರ್ವ’ ಎಂದು ಬರೆದಿದ್ದರು. ಅದೇ ತಪ್ಪು ಪಟ್ಟಿಯೊಳಗೂ ಬಂದು ಕೂತಿತ್ತು. ಯಾರೂ ತಿದ್ದಿರಲಿಲ್ಲ.

“ನಿನ್ನ ಮುಂದ ಹೇಳಿದವ ಆ ಹೊಲದಾಗ ಮೂವತ್ತು ವರ್ಷ ಎತ್ತು ಹೊಡದಾನ. ಅಂವಗ ತನ್ನ ಹೊಲದ ಕಾಲಿವಿ ಯಾ ಕಡೀಗೈತಿ ಅನ್ನೂದು ಗೊತ್ತಿಲ್ಲೇನು? ಅಲ್ಲೋ ತಮ್ಮಾ, ರೈತರು ಪೂರ್ವ ಪಶ್ಚಿಮ ದಂಡಿ ಅಂತಾರೇನು? ಕಾಲಿವಿ ಆಚೀಕ, ಈಚೀಕ ಅಂತಾರ.”

ಹುಡುಗ ಏನೂ ಹೇಳಲಿಲ್ಲ. ಸಾಹೇಬರು ನನ್ನ ಕಡೆ ನೋಡಿ, “ಸಾಕ್ಷಿದಾರನು ಉತ್ತರಿಸಿರುವುದಿಲ್ಲ ಅಂತ ಬರ್ಕೊಳ್ರಿ” ಅಂದರು.

ಇನ್ನೊಂದು ಪ್ರಶ್ನೆಯೂ ಬಂತು. ಏಳು ತಿಂಗಳು ಜಾಮೀನುದಾರ ಸಿಗದೆ ಒಳಗಿದ್ದವನಿಗೆ, ಪೊಲೀಸರ ಮುಂದೆ ಹೇಳಿಕೆ ಕೊಟ್ಟ ಹನ್ನೆರಡನೇ ದಿನಕ್ಕೆ ಜಾಮೀನುದಾರ ಎಲ್ಲಿಂದ ಉದ್ಭವಿಸಿದ? ಕೊಟ್ಟದ್ದು, ತಗೊಂಡದ್ದು ಕಾಗದದ ಮೇಲೆ ಏನೂ ಇರಲಿಲ್ಲ. ಆ ಹುಡುಗನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಸಂಡಾಸಿನ ಬಾಜೂ ಏಳು ತಿಂಗಳು ಮಲಗಿದವನಿಗೆ ಮನೆಗೆ ಹೋಗುವ ಬಾಗಿಲೊಂದು ಕಂಡರೆ, ಅದನ್ನು ಯಾರು ತೆರೆದರು ಎಂದು ಕೇಳುತ್ತಾ ನಿಲ್ಲುತ್ತಾನೆಯೇ?

ತೀರ್ಪಿನಲ್ಲಿ ಆರೋಪಿ ಬಿಡುಗಡೆಯಾದ. ನ್ಯಾಯಾಲಯದ ಹೊರಗಿನ ತಪ್ಪೊಪ್ಪಿಗೆ ಎಂಬುದು ದುರ್ಬಲ ಸಾಕ್ಷ್ಯ, ಬೇರೆ ಸಾಕ್ಷ್ಯದ ಆಸರೆ ಇಲ್ಲದೆ ನಂಬುವುದು ಕಷ್ಟ ಎಂದು ಸುಪ್ರೀಂ ಕೋರ್ಟು 2012ರ ಸಹದೇವನ್ ಪ್ರಕರಣದಲ್ಲಿ ಹೇಳಿದ್ದನ್ನು ಸಾಹೇಬರು ಉದ್ಧರಿಸಿದ್ದರು. ನೋಡಿ, ನಮ್ಮಲ್ಲಿ ಜ್ಯೂರಿ ಇಲ್ಲ, ನ್ಯಾಯಾಧೀಶರು ಕಾರಣ ಬರೆದೇ ತೀರ್ಪು ಕೊಡಬೇಕು, ಸುಳ್ಳು ಉಳಿಯುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿ ನಾನು ಸಜ್ಜಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡೆ.

ಅಣ್ಣನ ಮಗಳು ನಗಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಅಮೆರಿಕದ ಕಥೆ ತೆಗೆದಳು. 1988ರಲ್ಲಿ, ಅಂದರೆ ನಾನು ಕೆಲಸಕ್ಕೆ ಸೇರಿದ ವರ್ಷ, ಲಾಸ್ ಏಂಜಲೀಸ್ ಜೈಲಿನಲ್ಲಿ ಲೆಸ್ಲಿ ವೈಟ್ ಎಂಬ ಕೈದಿ ತನ್ನ ವಿದ್ಯೆಯನ್ನು ಅಧಿಕಾರಿಗಳ ಎದುರಿಗೇ ಮಾಡಿ ತೋರಿಸಿದನಂತೆ. ಅವನ ಕೈಯಲ್ಲಿ ಒಂದು ಫೋನು, ತಾನು ಕಂಡರಿಯದ ಒಬ್ಬ ಕೊಲೆ ಆರೋಪಿಯ ಹೆಸರು. ಒಂದು ಕಚೇರಿಗೆ ಪೊಲೀಸನ ದನಿಯಲ್ಲಿ, ಇನ್ನೊಂದಕ್ಕೆ ಸರಕಾರಿ ವಕೀಲರ ಕಚೇರಿಯವನ ದನಿಯಲ್ಲಿ ಫೋನ್ ಮಾಡಿ, ಸ್ವಲ್ಪ ಹೊತ್ತಿನಲ್ಲೇ ‘ಅವನು ನನ್ನ ಮುಂದೆ ಒಪ್ಪಿಕೊಂಡ’ ಎಂದು ಹೇಳಲು ಬೇಕಾದ ವಿವರವನ್ನೆಲ್ಲ ಕೂಡಿಸಿಬಿಟ್ಟ. ಆಮೇಲೆ ಅಲ್ಲಿ ದೊಡ್ಡ ಗದ್ದಲವಾಗಿ, ಗ್ರ್ಯಾಂಡ್ ಜ್ಯೂರಿ ಕೂತು 1990ರಲ್ಲಿ ವರದಿ ಕೊಟ್ಟಿತು. ಆದರೂ ಇಂಥ ಕೈದಿಯ ಮಾತೊಂದರ ಮೇಲೆಯೇ ಶಿಕ್ಷೆ ಕೊಡಬಾರದು, ಬೇರೆ ಪುರಾವೆಯ ಬೆಂಬಲ ಬೇಕು ಎಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು 2011ರಲ್ಲಿ. ಒಬ್ಬ ಕೈದಿಯ ಮಾತಿಗೆ ಇನ್ನೊಬ್ಬ ಕೈದಿಯ ಮಾತನ್ನು ಆಸರೆ ಕೊಡಬೇಕಾದರೆ, ಅವರಿಬ್ಬರೂ ಮೊದಲೇ ಕೂಡಿ ಮಾತಾಡಿಕೊಂಡಿಲ್ಲ ಎಂದು ತೋರಿಸಬೇಕು ಎಂದೂ ಅದರಲ್ಲಿದೆ. ಬರಾಕು ಕಂಡವರು ಯಾರೋ ಆ ಸಾಲು ಬರೆಸಿರಬೇಕು ಅನಿಸಿತು.

ಕೆನಡಾದ್ದು ಇನ್ನೂ ಬ್ಯಾಸರ. 1984ರಲ್ಲಿ ಒಂಟಾರಿಯೊದಲ್ಲಿ ಒಂಬತ್ತು ವರ್ಷದ ಹುಡುಗಿಯ ಕೊಲೆಯಾಯಿತು. ಬಾಜೂ ಮನೆಯ ಗೈ ಪಾಲ್ ಮೊರಿನ್ ಎಂಬವನನ್ನು ಹಿಡಿದರು. ರಾತ್ರಿ ಸೆಲ್ಲಿನಲ್ಲಿ ಅವನು ತಾನೇ ಕೊಂದೆ ಎಂದದ್ದನ್ನು ಕೇಳಿದ್ದೇವೆ ಎಂದು ಇಬ್ಬರು ಕೈದಿಗಳು ಸಾಕ್ಷಿ ಹೇಳಿದರು. 1992ರಲ್ಲಿ ಶಿಕ್ಷೆಯಾಯಿತು. 1995ರಲ್ಲಿ ಡಿಎನ್ಎ ಪರೀಕ್ಷೆ ಅವನು ಅಲ್ಲವೇ ಅಲ್ಲ ಎಂದು ತೋರಿಸಿತು. ಅವನಲ್ಲದಿದ್ದರೆ ಆ ರಾತ್ರಿ ಸೆಲ್ಲಿನಲ್ಲಿ ಒಪ್ಪಿಕೊಂಡವರು ಯಾರು? ನಿಜವಾದ ಕೊಲೆಗಾರ ಯಾರೆಂದು ಪೊಲೀಸರು ಹೇಳಿದ್ದು 2020ರಲ್ಲಿ, ಅಷ್ಟರಲ್ಲಿ ಅವನು ಸತ್ತೇ ಹೋಗಿದ್ದ.

“ಅಲ್ಲಿದು ಬ್ಯಾರೆ, ಇಲ್ಲಿದು ಬ್ಯಾರೆ” ಅಂದೆ. “ಇಲ್ಲಿ ಅಂವ ಬಿಡುಗಡೆ ಆದ.”

“ಖರೆ ಕಾಕಾ. ಅಲ್ಲೀತನಾ ಅಂವ ಎಲ್ಲಿದ್ದ?”

ರೊಟ್ಟಿ ಕೈಯಲ್ಲೇ ಉಳಿಯಿತು. ಮೂರು ವರ್ಷ ಎರಡು ತಿಂಗಳು ಅವನು ಜೈಲಿನಲ್ಲಿದ್ದ. ಎರಡು ಸಲ ಜಾಮೀನು ಅರ್ಜಿ ಹಾಕಿದ್ದ, ಎರಡೂ ವಜಾ ಆಗಿದ್ದವು. ಎರಡನೆಯ ಆದೇಶವನ್ನು ಟೈಪ್ ಮಾಡಿದವನು ನಾನು. ಆ ಸಾಲು ನನಗೆ ಹಾಗೇ ನೆನಪಿದೆ: ‘ಆರೋಪಿಯು ಸಹಕೈದಿಯ ಮುಂದೆ ತಪ್ಪೊಪ್ಪಿಕೊಂಡಿರುವುದು ಮೇಲ್ನೋಟಕ್ಕೆ ಕಂಡುಬರುತ್ತದೆ.’ ಜಾಮೀನಿನ ಹಂತದಲ್ಲಿ ಕೋರ್ಟು ಸಾಕ್ಷಿಯನ್ನು ತೂಗಿ ನೋಡುವುದಿಲ್ಲ, ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ ನೋಡುತ್ತದೆ. ಪಾಟೀ ಸವಾಲು ಬರುವುದು ವರ್ಷಗಳ ಮೇಲೆ. ಹುಡುಗನ ಮಾತು ಕಟ್ಟೆಯಲ್ಲಿ ನಿಂತ ಅರ್ಧ ತಾಸಿಗೆ ಬಿದ್ದುಹೋಯಿತು. ಆದರೆ ಅದು ಮಾಡಬೇಕಾದ ಕೆಲಸವನ್ನು ಅದಕ್ಕಿಂತ ಮೊದಲೇ ಮಾಡಿ ಮುಗಿಸಿತ್ತು. ನಡುವೆ ಆ ಮನೆಯವರು ಎತ್ತಿನ ಜೋಡಿ ಮಾರಿದ್ದರು.

ಮಗಳ ಜೊತೆ ಕೂತು ನಮ್ಮ ಕಾನೂನಿನ ಪುಸ್ತಕ ತೆರೆದೆ. 1872ರ ಸಾಕ್ಷ್ಯ ಕಾಯ್ದೆ ಪೊಲೀಸರನ್ನು ನಂಬಲಿಲ್ಲ. ಅವರ ಮುಂದೆ ಒಪ್ಪಿಕೊಂಡದ್ದು ನಡೆಯದು (25ನೇ ಕಲಮು). ಪೊಲೀಸ್ ವಶದಲ್ಲಿದ್ದಾಗ ಮ್ಯಾಜಿಸ್ಟ್ರೇಟರ ಸಮಕ್ಷಮವಲ್ಲದೆ ಬೇರೆ ಯಾರ ಮುಂದೆ ಒಪ್ಪಿಕೊಂಡರೂ ನಡೆಯದು (26). 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಇವೆರಡೂ ಸೇರಿವೆ. ಆದರೆ ಜೈಲು ಎಂದರೆ ನ್ಯಾಯಾಂಗ ಬಂಧನ, ಪೊಲೀಸ್ ವಶವಲ್ಲ. ಠಾಣೆಯ ಲಾಕಪ್ಪಿನಲ್ಲಿ ಬಾಜೂದವನ ಕಿವಿಯಲ್ಲಿ ಹೇಳಿದ ಮಾತು ಕೋರ್ಟಿನ ಹೊಸ್ತಿಲು ದಾಟುವುದಿಲ್ಲ. ಅದೇ ಮನುಷ್ಯನನ್ನು ವ್ಯಾನಿನಲ್ಲಿ ಕೂಡಿಸಿ ಜೈಲಿಗೆ ಬಿಟ್ಟ ಮೇಲೆ, ಅದೇ ಮಾತು ಅಲ್ಲಿಯ ಬಾಜೂದವನ ಕಿವಿಗೆ ಬಿದ್ದರೆ ದಾಟುತ್ತದೆ. ಸುಪ್ರೀಂ ಕೋರ್ಟು 1965ರ ಸಾಹೂ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಮನುಷ್ಯ ತನ್ನಷ್ಟಕ್ಕೆ ಗೊಣಗಿಕೊಂಡದ್ದು ಯಾರ ಕಿವಿಗಾದರೂ ಬಿದ್ದರೆ ಅದೂ ತಪ್ಪೊಪ್ಪಿಗೆಯೇ ಆಗಬಹುದು ಎಂದಿದೆ. ಬರಾಕಿನಲ್ಲಿ ಗೊಣಗದವರು ಯಾರು?

ಮಾಫಿ ಸಾಕ್ಷಿಗೆ, ಅಂದರೆ ಕ್ಷಮೆ ಪಡೆದು ಜೊತೆಗಾರರ ವಿರುದ್ಧ ಸಾಕ್ಷಿ ಹೇಳುವ ಆರೋಪಿಗೆ, ಹೇಗೆ ಬೇಲಿ ಹಾಕಿದ್ದಾರೆ ನೋಡಿ. ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ 306, ಈಗ ನಾಗರಿಕ ಸುರಕ್ಷಾ ಸಂಹಿತೆಯ 343. ಕ್ಷಮೆ ಕೊಡುವುದು ಕೋರ್ಟು, ಪೊಲೀಸರಲ್ಲ. ಕಾರಣ ಬರೆಯಬೇಕು. ಅವನು ಅದಕ್ಕೆ ಮೊದಲೇ ಜಾಮೀನಿನ ಮೇಲೆ ಇಲ್ಲದಿದ್ದರೆ ವಿಚಾರಣೆ ಮುಗಿಯುವವರೆಗೂ ಒಳಗೇ ಇರಬೇಕು. ಮಾತು ತಪ್ಪಿದರೆ ಅವನ ಮೇಲೆಯೇ ಕೇಸು ನಡೆಯುತ್ತದೆ. ತನಗೂ ಆ ಅಪರಾಧದಲ್ಲಿ ಕೈ ಇದೆ ಎಂದು ಒಪ್ಪಿದವನಿಗೆ ಇಷ್ಟು ಬಿಗಿ. ಕೇಸಿಗೂ ತನಗೂ ಸಂಬಂಧವಿಲ್ಲದ, ಬರೀ ಕೇಳಿದೆ ಅನ್ನುವವನಿಗೆ ಒಂದು ಮುಳ್ಳಿನ ಕಡ್ಡಿಯೂ ಅಡ್ಡವಿಲ್ಲ.

ಇಲಿನಾಯ್ ರಾಜ್ಯದಲ್ಲಿ ಕೊಲೆಯಂಥ ಕೇಸುಗಳಲ್ಲಿ ಇಂಥ ಕೈದಿ ಸಾಕ್ಷಿ ನಂಬಲು ಅರ್ಹನೋ ಅಲ್ಲವೋ ಎಂದು ವಿಚಾರಣೆಗೆ ಮೊದಲೇ ನ್ಯಾಯಾಧೀಶರು ಪರೀಕ್ಷಿಸುತ್ತಾರಂತೆ. ಕನೆಕ್ಟಿಕಟ್ ರಾಜ್ಯ 2019ರ ಕಾನೂನಿನಿಂದ ಇಂಥವರದೊಂದು ದಾಖಲೆಯನ್ನೇ ಇಡುತ್ತದಂತೆ. ಮಗಳು ಅವನ್ನೆಲ್ಲ ವಾದಕ್ಕೆ ಹಾಕಿಕೊಂಡಳು. “ನೀವಾಗಿದ್ರ ಏನ್ ಕೇಳ್ತಿದ್ರಿ?” ಅಂದಳು.

ನಾನು ಟೈಪಿಸ್ಟ್. ನನಗೆ ಬೇಕಾದದ್ದು ದನಿ. ಆ ಹುಡುಗನ ಸಾಕ್ಷಿಯನ್ನು ಇವತ್ತು ಯಾರಾದರೂ ತೆಗೆದು ಓದಿದರೆ ಅದು ಮುದುಕಿಯ ಸಾಕ್ಷಿಯ ಹಾಗೇ ಇರುತ್ತದೆ. ಎರಡರಲ್ಲೂ ‘ಸದರಿ’ ಇದೆ, ಎರಡರಲ್ಲೂ ‘ಇರುತ್ತಾನೆ’ ಇದೆ. ಒಂದರಲ್ಲಿ ಅದು ಸಾಕ್ಷಿಯ ಬಾಯಿಂದ ಬಂತು, ಇನ್ನೊಂದರಲ್ಲಿ ನಮ್ಮ ಕೈಯಿಂದ ಎಂಬುದು ಮೇಲಿನ ಕೋರ್ಟಿನವರಿಗೆ ಹೇಗೆ ತಿಳಿಯಬೇಕು? ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿ ಒತ್ತಿದವರಲ್ಲಿ ನಾನೂ ಒಬ್ಬ. ಸಾಕ್ಷಿಯ ಹೇಳಿಕೆಯನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಿಕೊಳ್ಳಬಹುದು ಎಂದು 2009ರ ಕೊನೆಯಿಂದಲೂ ಕಾನೂನಿನಲ್ಲಿದೆ, ಹೊಸ ಸಂಹಿತೆಯ 180ನೇ ಕಲಮಿನಲ್ಲೂ ಇದೆ. ‘ಬಹುದು’ ಅಷ್ಟೇ. ಜೈಲಿನ ಸಾಕ್ಷಿಯ ಮಟ್ಟಿಗಾದರೂ ಅದು ‘ಲೇಬೇಕು’ ಆಗಲಿ: ಮೊದಲ ಸಲ ಬಾಯಿ ಬಿಟ್ಟಾಗಲೇ, ಯಾರು ಏನು ಕೇಳಿದರು ಎಂಬುದೂ ಕೂಡಿ. ಯಾರು ಯಾವ ಬರಾಕಿನಲ್ಲಿ ಯಾವ ತಾರೀಖಿನಿಂದ ಇದ್ದರು ಎಂಬ ಜೈಲಿನ ದಾಖಲೆ ಜೊತೆಗೆ ಬರಲಿ. ಆರೋಪಿಯ ಕಾಗದ ಓದಿಕೊಟ್ಟವರು ಯಾರು ಎಂಬುದನ್ನು ಮೊದಲೇ ಕೇಳಲಿ. ಸಾಕ್ಷಿಯ ಸ್ವಂತ ಕೇಸು ಆಮೇಲೆ ಏನಾಯಿತು ಎಂಬುದು ಆರೋಪಿಯ ವಕೀಲರಿಗೆ ತಾನಾಗಿ ಸಿಗಲಿ, ಪಾಟೀ ಸವಾಲಿನಲ್ಲಿ ಕೆದಕಿ ತೆಗೆಯುವಂತೆ ಆಗದಿರಲಿ. ಇದಿಷ್ಟೂ ಇಲ್ಲದ ಹೇಳಿಕೆಯನ್ನು ಜಾಮೀನಿನ ಅರ್ಜಿ ಬಂದಾಗ ಲೆಕ್ಕಕ್ಕೆ ಹಿಡಿಯಬಾರದು. ನನ್ನ ಜಗಳ ಮುಖ್ಯವಾಗಿ ಈ ಕಡೆಯದರ ಮೇಲೆ.

ಮಗಳು ಎಲ್ಲವನ್ನೂ ಬರೆದುಕೊಂಡಳು. “ಸದರಿ” ಮಾತ್ರ ವಾದದಲ್ಲಿ ಬಳಸಲು ಬರುವುದಿಲ್ಲ ಕಾಕಾ, ಅಲ್ಲಿ ಎಲ್ಲ ಇಂಗ್ಲಿಷ್‌ನಲ್ಲಿ ಅಂದಳು.

ಅವಳಿಗೆ ಹೇಳದೆ ಉಳಿದ ಒಂದು ಸಂಗತಿ ಇದೆ. ಅಪೀಲಿನ ಅವಧಿ ಮುಗಿದ ಮೇಲೆ ಬಿಡುಗಡೆಯಾದ ಆ ಮನುಷ್ಯ ತನ್ನ ಮುದ್ದೇಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ಸಾಮಾನು, ಬಿಡಿಸಿಕೊಳ್ಳಲು ಬಂದಿದ್ದ. ಒಂದು ಸೈಕಲ್ಲು, ಒಂದು ಬ್ಯಾಟರಿ. ಬ್ಯಾಟರಿಯೊಳಗಿನ ಸೆಲ್ಲು ಸೋರಿ ಹಸಿರುಗಟ್ಟಿತ್ತು. ಪಾವತಿಯನ್ನು ಮುಂದಿಟ್ಟು ಇಲ್ಲಿ ಹೆಬ್ಬೆಟ್ಟು ಒತ್ತು ಅಂದೆ. ಅವನು ಒತ್ತಲಿಲ್ಲ.

“ಏನ್ ಬರದದ್ರಿ ಇದ್ರಾಗ?”

ಬೆಂಚಿನ ಮೇಲೆ ಕೂತಿದ್ದ ಯಾವನೋ ಕಕ್ಷಿದಾರ, “ಕೊಡು ಇಲ್ಲೆ, ನಾ ಓದಿ ಹೇಳ್ತೀನಿ” ಎಂದು ಕೈ ಚಾಚಿದ. ಈತ ಕಾಗದವನ್ನು ಎದೆಗೆ ಹಿಡಿದುಕೊಂಡು ಎರಡು ಹೆಜ್ಜೆ ನನ್ನ ಕಡೆ ಬಂದ. “ನೀವ ಓದ್ರಿ ಸಾಹೇಬ್ರ. ಸಣ್ಣಗ ಓದ್ರಿ.”

ಅವನ ಕಿವಿಯ ಹತ್ತಿರ ಬಾಗಿ ಓದಿದೆ. ನಾಲ್ಕೇ ಸಾಲು. ಸೈಕಲ್ಲು ಒಂದು, ಬ್ಯಾಟರಿ ಒಂದು. ಅವನು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಸೈಕಲ್ಲಿನ ಎರಡೂ ಗಾಲಿಯಲ್ಲಿ ಗಾಳಿ ಇರಲಿಲ್ಲ. ಕೋರ್ಟಿನ ಗೇಟಿನವರೆಗೂ ಅದನ್ನು ನೂಕಿಕೊಂಡೇ ಹೋದ.